ಬಿ450 ಮದರ್‌ಬೋರ್ಡ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್? ಎಎಂಡಿ 9060 ಎಕ್ಸ್‌ಟಿ, ಎನ್‌ವಿಡಿಯಾ 5060 ಟಿಐ, ಇಲ್ಲಾ ಇಂಟೆಲ್ ಬಿ580?

ಕರಾವಳಿ_ಪಿಕ್ಸೆಲ್ (ಪ್ರಶ್ನೆ)

ಈಗಿರುವ ಸೆಟಪ್: ರೈಜನ್ 5 3600, ಬಿ450 ಬೋರ್ಡ್, 16 ಜಿಬಿ ಡಿಡಿಆರ್4, 550 ವಾಟ್ ಪವರ್ ಸಪ್ಲೈ, ಜಿಟಿಎಕ್ಸ್ 1060 6 ಜಿಬಿ. ಮಾನಿಟರ್ 1080ಪಿ, 144 ಹರ್ಟ್ಸ್. ಮುಂದೆ ಇನ್ನೂ ಹೆಚ್ಚು ರೆಸಲ್ಯೂಶನ್‌ನ 1440ಪಿಗೆ ಹೋಗುವ ಯೋಚನೆ ಇದೆ. ಬಜೆಟ್ ಹೆಚ್ಚೆಂದರೆ 40 ಸಾವಿರ. 8 ಜಿಬಿ ಕಾರ್ಡ್ ತಗೊಂಡು ಉಳಿದ ದುಡ್ಡಲ್ಲಿ ಸಿಪಿಯು ಬದಲಿಸಲೇ, ಅಥವಾ ಪೂರ್ತಿ ದುಡ್ಡನ್ನು 16 ಜಿಬಿ ಕಾರ್ಡಿಗೇ ಹಾಕಲೇ? ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದೇ ಕಾರ್ಡಿಗೆ ಅಂಗಡಿಗೊಂದು ದರ ಹೇಳುತ್ತಾರೆ. ನ್ಯಾಯವಾದ ದರ ಎಷ್ಟು ಅಂತ ಲೆಕ್ಕ ಹಾಕುವುದು ಹೇಗೆ? ಮೂರು ಕಂಪನಿ ಪೈಪೋಟಿಗಿದ್ದರೂ ದರ ಯಾಕೆ ಇಳಿಯುತ್ತಿಲ್ಲ?

ಬಸ್‌ವಿಡ್ತ್

ಮೊದಲು ನಿಮ್ಮ ಬೋರ್ಡ್ ನೋಡಿ. ಬಿ450ಯಲ್ಲಿ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 3.0 (ಕಾರ್ಡ್ ಮತ್ತು ಬೋರ್ಡ್ ನಡುವಿನ ಸಂಪರ್ಕದ ಹಳೇ ಆವೃತ್ತಿ). ಸಿಪಿಯು 4.0 ಬೆಂಬಲಿಸಿದರೂ ಬೋರ್ಡ್ ಬಿಡುವುದಿಲ್ಲ. ಆರ್‌ಟಿಎಕ್ಸ್ 5060, 5060 ಟಿಐ, ಆರ್ಕ್ ಬಿ580 ಮೂರೂ ಬಳಸುವುದು ಎಂಟೇ ಲೇನ್ (ಡೇಟಾ ಹಾದಿ), ಅಂದರೆ ನಿಮ್ಮಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ. ಆರ್‌ಎಕ್ಸ್ 9060 ಎಕ್ಸ್‌ಟಿಗೆ ಹದಿನಾರು ಲೇನ್ ಇದೆ, ಹಾಗಾಗಿ ಸುಮಾರು 16 ಜಿಬಿ ಸಿಗುತ್ತದೆ.

ಆಟದ ಡೇಟಾ ಕಾರ್ಡಿನ ಮೆಮೊರಿಯೊಳಗೆ ಹಿಡಿಯುವವರೆಗೆ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. 8 ಜಿಬಿ ತುಂಬಿ ಉಕ್ಕಿದಾಗ ಕಷ್ಟ ಶುರು. ಉಳಿದ ಟೆಕ್ಸ್ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಸಿಸ್ಟಮ್ ರ್‍ಯಾಮ್‌ಗೆ ಹೋಗಿ ಇದೇ ಸ್ಲಾಟ್ ಮೂಲಕ ಓಡಾಡಬೇಕು. 5060 ಟಿಐಯ ಸ್ವಂತ ಮೆಮೊರಿ ವೇಗ ಸೆಕೆಂಡಿಗೆ 448 ಜಿಬಿ, ಸ್ಲಾಟ್ ಬರೀ 8. ಆಗ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗೇ ಕಂಡರೂ 1% ಲೋ (ಅತಿ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್) ಕುಸಿಯುತ್ತದೆ, ಆಟ ತಡವರಿಸುತ್ತದೆ. ಕೆಲವು ಆಟಗಳು ಎಫ್‌ಪಿಎಸ್ ಉಳಿಸಿಕೊಂಡು ಸದ್ದಿಲ್ಲದೆ ಮಸುಕು ಟೆಕ್ಸ್ಚರ್ ತೋರಿಸುತ್ತವೆ, ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಫ್ರೇಮ್ ಜನರೇಶನ್ (ನಡುವೆ ಕೃತಕ ಫ್ರೇಮ್ ಸೇರಿಸುವ ಸೌಲಭ್ಯ) ಕೂಡ ಮೆಮೊರಿ ತಿನ್ನುತ್ತದೆ, ಆದ್ದರಿಂದ 8 ಜಿಬಿ ಕಾರ್ಡಲ್ಲಿ ಆ ಸೌಲಭ್ಯದ ಲಾಭ ಅರ್ಧಕ್ಕೇ ನಿಲ್ಲಬಹುದು.

ನನ್ನ ಆಯ್ಕೆ 9060 ಎಕ್ಸ್‌ಟಿ 16 ಜಿಬಿ. 160 ವಾಟ್ ಕಾರ್ಡ್, ನಿಮ್ಮ 550 ವಾಟ್ ಧಾರಾಳ ಸಾಕು. 1060ಗೆ ಸಾಮಾನ್ಯವಾಗಿ 6 ಪಿನ್ ಇರುತ್ತದೆ, ಇದಕ್ಕೆ 8 ಪಿನ್ ಬೇಕು. ಪವರ್ ಸಪ್ಲೈಯಿಂದಲೇ ಬರುವ 6+2 ಕೇಬಲ್ ಹಾಕಿ, ಮೋಲೆಕ್ಸ್ ಅಡಾಪ್ಟರ್ ಬೇಡವೇ ಬೇಡ.

ಬಿಲ್ ಮಾಡಿಸುವಾಗ 16 ಜಿಬಿ ಎಂದು ಬರೆಸಿ. 9060 ಎಕ್ಸ್‌ಟಿ, 5060 ಟಿಐ ಎರಡೂ ಅದೇ ಹೆಸರಲ್ಲಿ 8 ಜಿಬಿಯಲ್ಲೂ ಬರುತ್ತವೆ, ಡಬ್ಬಿ ನೋಡಲು ಒಂದೇ ಥರ. ಗ್ರಾಹಕರಿಗೆ ಇದು ನಿಜಕ್ಕೂ ಅನ್ಯಾಯ.

ಸಿಲಿಕಾನ್_ಸಂತೆ

ದರದ ಲೆಕ್ಕ ಸುಲಭ. ಬಿಡುಗಡೆಯ ಹೊತ್ತಿನ ಅಮೆರಿಕದ ಘೋಷಿತ ದರಕ್ಕೆ ತೆರಿಗೆ ಸೇರಿರುವುದಿಲ್ಲ. ಅದನ್ನು ಡಾಲರ್ ದರದಿಂದ ಗುಣಿಸಿ, ಮೇಲೆ 18% ಜಿಎಸ್‌ಟಿ ಸೇರಿಸಿ. ಡಾಲರಿಗೆ 86 ರೂಪಾಯಿ ಹಿಡಿದರೆ:

9060 ಎಕ್ಸ್‌ಟಿ 16 ಜಿಬಿ, 349 ಡಾಲರ್: ಸುಮಾರು 35,400
5060 ಟಿಐ 16 ಜಿಬಿ, 429 ಡಾಲರ್: ಸುಮಾರು 43,500
5060 8 ಜಿಬಿ, 299 ಡಾಲರ್: ಸುಮಾರು 30,300
ಬಿ580 12 ಜಿಬಿ, 249 ಡಾಲರ್: ಸುಮಾರು 25,300

ಕೊಳ್ಳುವ ದಿನದ ಡಾಲರ್ ದರ ಹಾಕಿಕೊಳ್ಳಿ. ಇದಕ್ಕಿಂತ 5% ಮೇಲೆ ಕೇಳಿದರೆ ಒಪ್ಪಬಹುದು. 15% ದಾಟಿದರೆ ಮುಂದಿನ ಅಂಗಡಿಗೆ ನಡೆಯಿರಿ. ಮೂರು ಫ್ಯಾನ್, ಫ್ಯಾಕ್ಟರಿ ಓವರ್‌ಕ್ಲಾಕ್ ಅಂತ ನಾಲ್ಕೈದು ಸಾವಿರ ಹೆಚ್ಚು ಕೊಡಬೇಡಿ. 160 ವಾಟ್ ಕಾರ್ಡಿಗೆ ಎರಡು ಫ್ಯಾನ್ ಸಾಕು, ಓವರ್‌ಕ್ಲಾಕಿನಿಂದ ಸಿಗುವುದು ಎರಡು ಮೂರು ಪರ್ಸೆಂಟ್.

ಪೈಪೋಟಿಯ ವಿಷಯ. 2016ರ ಜೂನ್‌ನಲ್ಲಿ ಎಎಂಡಿಯ ಆರ್‌ಎಕ್ಸ್ 480 8 ಜಿಬಿ ಬಂದದ್ದು 239 ಡಾಲರಿಗೆ. ಮುಂದಿನ ತಿಂಗಳೇ ಎನ್‌ವಿಡಿಯಾ ನಿಮ್ಮ 1060ಯನ್ನು 249 ಡಾಲರಿಗೆ ಮಾರುಕಟ್ಟೆಗೆ ತಂದಿತು. ಒಂಬತ್ತು ವರ್ಷದ ನಂತರ ಎನ್‌ವಿಡಿಯಾದ 5060ಯಲ್ಲಿ 299 ಡಾಲರಿಗೆ ಸಿಗುವ ಮೆಮೊರಿ ಅದೇ 8 ಜಿಬಿ. ಮೂವರ ಚಿಪ್ಪೂ ತಯಾರಾಗುವುದು ತೈವಾನಿನ ಟಿಎಸ್‌ಎಂಸಿಯಲ್ಲಿ, ಅದೂ ಒಂದೇ 5 ನ್ಯಾನೊಮೀಟರ್ ಕುಟುಂಬದ ಪ್ರಕ್ರಿಯೆಯಲ್ಲಿ. ಅದೇ ತಯಾರಿಕೆಯನ್ನು ಎಐ ಚಿಪ್‌ಗೆ ಬಳಸಿದರೆ ಎಷ್ಟೋ ಪಟ್ಟು ಲಾಭ ಇರುವಾಗ ಅಗ್ಗದ ಗೇಮಿಂಗ್ ಕಾರ್ಡಿಗಾಗಿ ಯಾರೂ ಕಾದಾಡುವುದಿಲ್ಲ. ಇಂಟೆಲ್ ದರ ಇಳಿಸಿದ್ದು ನಿಜ, ಆದರೆ ಬಿ580ಯ ಚಿಪ್ 272 ಚದರ ಮಿಲಿಮೀಟರ್, ಎನ್‌ವಿಡಿಯಾದ ಹಿಂದಿನ ಪೀಳಿಗೆಯ 4060ಯದ್ದು 159. ದೊಡ್ಡ ಚಿಪ್ಪನ್ನು ಕಡಿಮೆಗೆ ಮಾರುವವರ ಕೈಯಲ್ಲಿ ಇನ್ನೂ ಇಳಿಸಲು ಜಾಗ ಉಳಿದಿರುವುದಿಲ್ಲ. ಎಎಂಡಿ ಕೂಡ ಎನ್‌ವಿಡಿಯಾ ದರ ನೋಡಿಕೊಂಡು ಸ್ವಲ್ಪ ಕೆಳಗೆ ನಿಲ್ಲುತ್ತದೆ, ಅಷ್ಟೇ. ನಮಗೆ ಲಾಭ ಸಿಗುತ್ತಿರುವುದು ಎಎಂಡಿ, ಇಂಟೆಲ್ ಕೊಡುವ ಹೆಚ್ಚಿನ ಮೆಮೊರಿಯಲ್ಲಿ ಮಾತ್ರ, ಅದನ್ನು ಬಿಡಬೇಡಿ.

ಫ್ರೇಮ್‌ಟೈಮ್

ನಿಮ್ಮ ಸಿಸ್ಟಮ್‌ಗೆ ಬಿ580 ಬೇಡ. ಅದರ ಡ್ರೈವರ್ ಸಿಪಿಯು ಮೇಲೆ ಹೆಚ್ಚು ಭಾರ ಹಾಕುತ್ತದೆ. 3600 ಥರದ ಹಳೇ ಆರು ಕೋರ್‌ನಲ್ಲಿ, ಅದೂ 1080ಪಿಯಲ್ಲಿ, ಕೆಲವು ಆಟಗಳು ಬಹಳ ನಿಧಾನವಾಗುತ್ತವೆ. ಹೊಸ ಸಿಪಿಯು ಇದ್ದವರಿಗೆ ಅದು ಒಳ್ಳೆಯ ಕಾರ್ಡೇ.

ಯಾವ ಕಾರ್ಡ್ ಹಾಕಿದರೂ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಸಿಪಿಯು ಒಟ್ಟಿಗೆ ತಲುಪುವ ಸೌಲಭ್ಯ) ಆನ್ ಮಾಡಿ. ಮೊದಲು ಬಯಾಸ್ ಅಪ್‌ಡೇಟ್. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಿಂಡೋಸ್ ಇರುವ ಡಿಸ್ಕ್ ಎಂಬಿಆರ್ ಶೈಲಿಯದೋ ಜಿಪಿಟಿಯೋ ನೋಡಿ. ಎಂಬಿಆರ್ ಆಗಿದ್ದರೆ ಬ್ಯಾಕಪ್ ತೆಗೆದು ವಿಂಡೋಸ್‌ನದೇ ಪರಿವರ್ತಕದಿಂದ ಜಿಪಿಟಿ ಮಾಡಿಕೊಳ್ಳಿ. ನಂತರವೇ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಬೂಟ್ ವಿಧಾನ) ಆಫ್, ಅಬೌವ್ 4ಜಿ ಡಿಕೋಡಿಂಗ್ ಆನ್, ರೀಸೈಜಬಲ್ ಬಾರ್ ಆನ್. ಈ ಕ್ರಮ ತಪ್ಪಿ ಡಿಸ್ಕ್ ಎಂಬಿಆರ್ ಇರುವಾಗಲೇ ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗುವುದಿಲ್ಲ.

ಎನ್‌ವಿಡಿಯಾದಿಂದ ಎಎಂಡಿಗೆ ಹೋಗುವಾಗ ಇಂಟರ್ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಅಳಿಸುವ ತಂತ್ರಾಂಶ) ಓಡಿಸಿ ಹಳೇ ಡ್ರೈವರ್ ತೆಗೆಯಿರಿ.

ಸಿಪಿಯು ಬದಲಾವಣೆ ಆಮೇಲೆ ನೋಡಿ. ಹೊಸ ಕಾರ್ಡ್ ಹಾಕಿದ ಮೇಲೆ ರಿವಾಟ್ಯೂನರ್‌ನಲ್ಲಿ (ಆಟದ ಮೇಲೆಯೇ ಅಂಕಿ ತೋರಿಸುವ ತಂತ್ರಾಂಶ) ಜಿಪಿಯು ಬಳಕೆ ಗಮನಿಸಿ. ಎಫ್‌ಪಿಎಸ್ ಮಿತಿ ಹಾಕದೆಯೂ ಅದು 95%ಕ್ಕಿಂತ ಕೆಳಗೇ ಇದ್ದರೆ ತಡೆ ಸಿಪಿಯುನದು. ಇದೇ ಬೋರ್ಡಿಗೆ ರೈಜನ್ 5 5600 ಕೂರುತ್ತದೆ, 1440ಪಿಗೆ ಹೋದರೆ ಅದರ ಅಗತ್ಯವೂ ಕಡಿಮೆಯಾಗುತ್ತದೆ.

ಕರಾವಳಿ_ಪಿಕ್ಸೆಲ್

ಧನ್ಯವಾದ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಅಥವಾ ಆರ್‌ಎಕ್ಸ್ 6700 ಎಕ್ಸ್‌ಟಿ ಬಗ್ಗೆ ಏನಂತೀರಿ?

ಬಸ್‌ವಿಡ್ತ್

ಎರಡರಲ್ಲಿ 6700 ಎಕ್ಸ್‌ಟಿ ವೇಗದ್ದು, 12 ಜಿಬಿ, ಹದಿನಾರು ಲೇನ್. ಆದರೆ 230 ವಾಟ್ ಎಳೆಯುತ್ತದೆ, ಎಫ್‌ಎಸ್‌ಆರ್ 4ಕ್ಕೆ (ಕಡಿಮೆ ರೆಸಲ್ಯೂಶನ್ ಚಿತ್ರವನ್ನು ಹಿಗ್ಗಿಸಿ ಎಫ್‌ಪಿಎಸ್ ಏರಿಸುವ ಎಎಂಡಿ ತಂತ್ರ) ಅಧಿಕೃತ ಬೆಂಬಲ 2025ರಲ್ಲಿ ಬಂದದ್ದು 9000 ಸರಣಿಗೆ. ಹೊಸ 9060 ಎಕ್ಸ್‌ಟಿಯ ಅರ್ಧ ಬೆಲೆಗೆ ಸಿಕ್ಕರೆ ಮಾತ್ರ ಯೋಚಿಸಿ. ಮಾರುವವರ ಮುಂದೆಯೇ ಹದಿನೈದು ನಿಮಿಷ ಫರ್ಮಾರ್ಕ್ (ಕಾರ್ಡಿಗೆ ಪೂರ್ತಿ ಭಾರ ಹಾಕುವ ಪರೀಕ್ಷೆ) ಓಡಿಸಿ, ಜಿಪಿಯು‑ಝಡ್‌ನಲ್ಲಿ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ಮತ್ತು ಸಾಮಾನ್ಯ ಉಷ್ಣತೆ ಹೋಲಿಸಿ. ಅಂತರ 30 ಡಿಗ್ರಿ ದಾಟಿದರೆ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಕೂಲರ್ ಸರಿಯಾಗಿ ಕೂತಿಲ್ಲ. ಬಿಲ್, ಸೀರಿಯಲ್ ಸ್ಟಿಕ್ಕರ್ ಎರಡೂ ತಾಳೆಯಾಗಬೇಕು. 3060ಯಾದರೆ ಮೆಮೊರಿ ಬಸ್ (ಮೆಮೊರಿ ಹಾದಿಯ ಅಗಲ) 192 ಬಿಟ್ ಇದೆಯೇ ನೋಡಿ. ಅದೇ ಹೆಸರಲ್ಲಿ 128 ಬಿಟ್‌ನ 8 ಜಿಬಿ ಕಾರ್ಡೂ ಮಾರುಕಟ್ಟೆಯಲ್ಲಿದೆ, ಅದನ್ನು ಕೊಳ್ಳಬೇಡಿ.