ಬೀಚಿನ ಪಕ್ಕದ ಮನೆಯೋ, ಸ್ಟೇಷನ್ ಪಕ್ಕದ ಮನೆಯೋ

ಪುಟ್ಟಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಕಂಪನಿಯವರು ನ್ಯೂಯಾರ್ಕ್ ಆಫೀಸಿಗೆ ಕಳಿಸುತ್ತಿದ್ದಾರೆ, ಪಕ್ಕದ ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ಎರಡು ಬಾಡಿಗೆ ಮನೆ ಇವೆ, ಒಂದು ಕಾಂಪೋ ಬೀಚ್ ಹತ್ತಿರ, ಒಂದು ರೈಲ್ವೆ ಸ್ಟೇಷನ್ ಹತ್ತಿರ, ಯಾವುದು ಹಿಡಿಯಲಿ ಅಂತ ಕೇಳಿದ್ದೀಯ. ಗ್ರೂಪಲ್ಲಿ ಎಲ್ಲರೂ ಬೀಚ್ ಅಂದಿದ್ದಾರೆ. ನಾನು ಸ್ಟೇಷನ್ ಅನ್ನುತ್ತೇನೆ. 2018ರ ಸೆಪ್ಟೆಂಬರ್‌ನಲ್ಲಿ ಮಗಳ ಬಾಣಂತನಕ್ಕೆ ಹೋಗಿ ಮಾರ್ಚ್‌ವರೆಗೆ ಅದೇ ಊರಿನಲ್ಲಿದ್ದೆನಲ್ಲ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿರುವುದು.

ಊರು ತುಂಬಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಕಾಲಕ್ಕೆ ಈರುಳ್ಳಿಗೆ ಹೆಸರಾದ ಊರಂತೆ, ನಮ್ಮ ವೈಟ್‌ಫೀಲ್ಡ್ ಕಡೆ ಹೊಲ ಇದ್ದಂತೆ. ಈಗ ದೊಡ್ಡ ದುಡ್ಡಿನವರ ಊರು. ಹಾಲಿವುಡ್ ನಟ ಪಾಲ್ ನ್ಯೂಮನ್ ಇದ್ದದ್ದೂ ಅಲ್ಲೇ.

ಆದರೆ ಕಡಲು ಅಂದರೆ ನೀನು ಮಲ್ಪೆ, ಮುರುಡೇಶ್ವರ ನೆನೆಸಿಕೊಳ್ಳಬೇಡ. ಎದುರಿಗೆ ಲಾಂಗ್ ಐಲ್ಯಾಂಡ್ ಅನ್ನುವ ಉದ್ದದ ದ್ವೀಪ ಅಡ್ಡ ಇದೆ, ಅಲೆ ಸಣ್ಣದು. ಮತ್ತೆ ಅಲ್ಲಿ ಬೀಚಿಗೂ ಗೇಟು! ಬೇಸಿಗೆಯಲ್ಲಿ ಕಾರಿಗೆ ಊರಿನವರ ಪಾಸ್ ಇದ್ದರೆ ಸಲೀಸು, ಹೊರಗಿನವರಾದರೆ ಒಂದು ದಿನ ನಿಲ್ಲಿಸುವುದಕ್ಕೇ ಕೈತುಂಬಾ ದುಡ್ಡು. ಅದೇ ಕರಾವಳಿಯ ಗ್ರಿನಿಚ್‌ನಲ್ಲಿ ಹೊರಗಿನವರನ್ನು ಬೀಚಿಗೆ ಬಿಡುತ್ತಲೇ ಇರಲಿಲ್ಲ. ಓಡುತ್ತಾ ಬಂದ ಒಬ್ಬ ಕಾನೂನು ವಿದ್ಯಾರ್ಥಿಯನ್ನು ಗೇಟಿನಲ್ಲೇ ತಡೆದರು. ಅವನು ಕೋರ್ಟಿಗೆ ಹೋದ. ಕೊನೆಗೆ 2001ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹೊರಗಿನವರನ್ನು ತಡೆಯುವ ಹಾಗಿಲ್ಲ ಅಂತ ಹೇಳಿತು. ಸಮುದ್ರ ನೋಡುವುದಕ್ಕೂ ಕೋರ್ಟಿಗೆ ಹೋಗಬೇಕಾಯಿತಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

ನಿಮಗೆ ಸಮುದ್ರವೇ ಬೇಕಾದರೆ ಅದೇ ಊರಿನಲ್ಲಿ ಶೆರ್ವುಡ್ ಐಲ್ಯಾಂಡ್ ಅಂತ ಸರ್ಕಾರಿ ಪಾರ್ಕ್ ಇದೆ. ಕನೆಕ್ಟಿಕಟ್ ನಂಬರ್ ಪ್ಲೇಟ್ ಇರುವ ಕಾರಿಗೆ ಪಾರ್ಕಿಂಗ್ ಫ್ರೀ. ಆಕಾಶ ಸ್ವಚ್ಛವಾಗಿದ್ದರೆ ದೂರದಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಕಟ್ಟಡಗಳು ಕಾಣುತ್ತವೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ತೀರಿಕೊಂಡ ಆ ರಾಜ್ಯದ ಕಡೆಯವರ ಹೆಸರು ಕೆತ್ತಿದ ಕಲ್ಲುಗಳೂ ಅಲ್ಲೇ ಇವೆ. ಮೊಮ್ಮಗಳನ್ನು ಎತ್ತಿಕೊಂಡು ಅಲ್ಲಿ ಸುಮ್ನೆ ನಿಂತುಬಿಟ್ಟಿದ್ದೆ. ಬೆಳಿಗ್ಗೆ ರೈಲು ಹತ್ತಿ ಹೋದವರು ವಾಪಸ್ ಬರಲೇ ಇಲ್ಲವಲ್ಲ.

ಬೀಚ್ ಹತ್ತಿರದ ಮನೆಗೆ ಇನ್ನೊಂದು ತೊಂದರೆ, ನೀರು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಕಾಂಪೋ ಕಡೆ ರಸ್ತೆ, ಮನೆ ಎಲ್ಲಾ ನೀರು. ಆಮೇಲೆ ಎಷ್ಟೋ ಮನೆಗಳನ್ನು ಕಂಬದ ಮೇಲೆ ಎತ್ತಿ ಕಟ್ಟಿದ್ದಾರೆ, ನೋಡಿದರೆ ಗೊತ್ತಾಗುತ್ತದೆ. ಮಾಮೂಲಿ ಇನ್ಶೂರೆನ್ಸ್‌ನಲ್ಲಿ ಪ್ರವಾಹ ಸೇರುವುದಿಲ್ಲ, ಅದನ್ನು ಬೇರೆಯೇ ಮಾಡಿಸಬೇಕು. 2022ರಲ್ಲಿ ಸರ್ಜಾಪುರ ರಸ್ತೆಯ ಕಡೆ ಕೋಟಿ ಕೋಟಿ ಕೊಟ್ಟ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದು ನೀನೇ ನೋಡಿದ್ದೀಯಲ್ಲ.

ಈಗ ಮುಖ್ಯವಾದದ್ದು ಕೇಳು. ಅಲ್ಲಿಂದ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿಗೆ ರೈಲಿನಲ್ಲೇ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ನೀನು ಬನಶಂಕರಿಯಿಂದ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ವೈಟ್‌ಫೀಲ್ಡ್‌ಗೆ ಹೋಗುವವನು, ಅಷ್ಟು ಹೊತ್ತು ನಿನಗೆ ದೊಡ್ಡದಲ್ಲ. ಆದರೆ ಮೆಟ್ರೋ ಐದಾರು ನಿಮಿಷಕ್ಕೊಂದು ಬರುತ್ತದೆ, ಆ ರೈಲು ಹಾಗಲ್ಲ. ಒಂದು ತಪ್ಪಿದರೆ ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ ಕಾಯಬೇಕು. ಸ್ಟೇಷನ್ ಪಾರ್ಕಿಂಗ್ ಪರ್ಮಿಟ್‌ಗೆ ನಾನಿದ್ದಾಗ ವರ್ಷಗಟ್ಟಲೆ ಸರದಿ ಇತ್ತು. ಅಳಿಯಂದಿರಿಗೆ ಸಿಕ್ಕಿರಲಿಲ್ಲ. ದಿನಾ ಮಗಳೇ ಬಿಟ್ಟು, ಕರೆದುಕೊಂಡು ಬರಬೇಕಿತ್ತು. ಬಾಣಂತಿ ಬೇರೆ.

ನವೆಂಬರ್ ಮಧ್ಯದಲ್ಲಿ ಮೊದಲ ಹಿಮ ಬಿತ್ತು ನೋಡು, ಆ ಸಂಜೆ ನಾನು ಮರೆಯುವ ಹಾಗಿಲ್ಲ. ಕಾರು ಹೊರಗೆ ತೆಗೆಯುವ ಹಾಗಿರಲಿಲ್ಲ. ಅಳಿಯಂದಿರು ಸ್ಟೇಷನ್ನಿಂದ ನಡೆದೇ ಹೊರಟರು. ಹೆಚ್ಚಿನ ದಾರಿಗೆ ಫುಟ್‌ಪಾತ್ ಇಲ್ಲ, ದೀಪವೂ ಇಲ್ಲ. ಒಂದು ಗಂಟೆ ಆದಮೇಲೆ ಬಾಗಿಲು ತೆಗೆದರೆ ಕಿವಿ ಕೆಂಪಗೆ, ಶೂ ಬಿಚ್ಚಿದರೆ ಕಾಲುಚೀಲ ಹಿಂಡುವಷ್ಟು ಒದ್ದೆ. ಬಿಸಿ ಸಾರು ಲೋಟಕ್ಕೆ ಹಾಕಿ ಕೊಟ್ಟೆ. ಲೋಟ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ, ಎರಡು ಅಂಗೈ ನಡುವೆ ಇಟ್ಟುಕೊಂಡು ಕುಡಿದರು. ಮಗಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಿದ್ದಳು.

ನೀನು ಹೇಗೋ ಆಫೀಸಿಗೆ ಹೋಗುತ್ತೀಯ. ನನ್ನ ಯೋಚನೆಯೆಲ್ಲಾ ನಿನ್ನ ಹೆಂಡತಿಯದು. ಅವಳಿಗೆ ಡ್ರೈವಿಂಗ್ ಬರುವುದಿಲ್ಲ. ಇಲ್ಲಿ ಕೊತ್ತಂಬರಿ ಸೊಪ್ಪು ಬೇಕು ಅಂದರೆ ಗಾಂಧಿ ಬಜಾರ್ ಇದೆ, ಹಾದಿಯಲ್ಲಿ ನಾಲ್ಕು ಜನ ಮಾತಾಡಿಸುತ್ತಾರೆ. ಅಲ್ಲಿ ಬೀಚ್ ಕಡೆ ಮನೆಯಲ್ಲಿದ್ದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಬ್ಬರ ಮುಖ ಕಾಣುವುದಿಲ್ಲ. ನಾನು ಹಾಗೆ ದಿನ ಕಳೆದಿದ್ದೇನೆ, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಾ. ಸ್ಟೇಷನ್ ಹತ್ತಿರ ಸಾಗಟಕ್ ಅನ್ನುವ ಜಾಗದಲ್ಲಿ ಅಂಗಡಿ ಇದೆ, ಕಾಫಿ ಸಿಗುತ್ತದೆ, ಪಕ್ಕದಲ್ಲೇ ಹೊಳೆ, ಜನ ಓಡಾಡುತ್ತಾರೆ. ಬೇಜಾರಾದರೆ ಅವಳೇ ರೈಲು ಹತ್ತಿ ನ್ಯೂಯಾರ್ಕಿಗೆ ಬರಬಹುದು. ಅಲ್ಲಿಂದ ಸಬ್‌ವೇ ಹಿಡಿದು ಫ್ಲಶಿಂಗ್ ಗಣೇಶನ ಗುಡಿಗೆ ಹೋಗಿ, ಕ್ಯಾಂಟೀನಿನಲ್ಲಿ ದೋಸೆ ತಿಂದು ಬರಲಿ.

ಖರ್ಚಿನದೂ ಒಂದು ಮಾತು. ಇಲ್ಲಿ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಒಂದು ಸಲ ಕಟ್ಟಿದರೆ ಆಯಿತು. ಅಲ್ಲಿ ಕಾರನ್ನೂ ಆಸ್ತಿ ಅಂತ ಲೆಕ್ಕ ಹಾಕಿ ಊರಿಗೆ ಪ್ರತಿ ವರ್ಷ ತೆರಿಗೆ ಕಟ್ಟಬೇಕು. ಸ್ಟೇಷನ್ ಪಕ್ಕ ಇದ್ದರೆ ಎರಡನೇ ಕಾರು ಬೇಕಾಗುವುದಿಲ್ಲ. ಸ್ಕೂಲು ಚೆನ್ನಾಗಿವೆ, ಮಗುವಿನದು ಚಿಂತೆ ಬೇಡ.

ನೀನು ಒಂದು ಕೆಲಸ ಮಾಡು. ಸ್ಟೇಷನ್ ಹತ್ತಿರದ ಮನೆಯಿಂದ ಪ್ಲಾಟ್‌ಫಾರ್ಮ್‌ವರೆಗೆ ನಡೆದರೆ ಎಷ್ಟು ನಿಮಿಷ, ದಾರಿಯುದ್ದಕ್ಕೂ ಫುಟ್‌ಪಾತ್ ಇದೆಯಾ, ಇದನ್ನು ಬ್ರೋಕರ್ ಹತ್ತಿರ ಕೇಳಿ ನನಗೆ ಹೇಳು. ಹೆಂಡತಿಯನ್ನು ಈ ವಾರವೇ ಡ್ರೈವಿಂಗ್ ಕ್ಲಾಸಿಗೆ ಸೇರಿಸು. ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಮಗಳನ್ನು ವಿಡಿಯೋ ಕಾಲ್‌ನಲ್ಲಿ ಹಿಡಿದು ಕೊಡುತ್ತೇನೆ, ನಿನ್ನ ಹೆಂಡತಿಯೇ ಅವಳನ್ನು ನೇರವಾಗಿ ಕೇಳಲಿ.