ಸಿಎನ್‌ಸಿ ಯಂತ್ರಕ್ಕೆ ಬೇರೆಯೇ ಅರ್ಥ್ ಪಿಟ್ ಬೇಕೇ?

ಪ್ರಶ್ನೆ (ಮಷೀನ್ ಶಾಪ್ ಮಾಲೀಕರು, ಬೆಳಗಾವಿ): ನಮಸ್ಕಾರ ಮೇಡಂ. ಉದ್ಯಮಬಾಗ್‌ನಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. 11 ಕೆವಿ ಸಂಪರ್ಕ, 250 ಕೆವಿಎ ಸ್ವಂತ ಟ್ರಾನ್ಸ್‌ಫಾರ್ಮರ್. ಕಳೆದ ಮಳೆಗಾಲದಲ್ಲಿ ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಿಯಂತ್ರಣದ ಕಡೆಯುವ ಯಂತ್ರ) ತಂದಾಗ ಮಾರಿದವರು, ಇದಕ್ಕೆ ಪ್ರತ್ಯೇಕ ಅರ್ಥಿಂಗ್ ಬೇಕು, 1 ಓಮ್‌ಗಿಂತ ಕಡಿಮೆ ಇರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2 ವೋಲ್ಟ್ ಮೀರಬಾರದು ಎಂದರು. ಗುತ್ತಿಗೆದಾರರು ಶೆಡ್ಡಿನ ಹಿಂದೆ ಹೊಸ ಅರ್ಥ್ ಪಿಟ್ (ಅರ್ಥಿಂಗ್‌ನ ಪೈಪ್ ಹೂಳುವ ಗುಂಡಿ) ತೋಡಿ, ಹಳೆಯ ಅರ್ಥಿಂಗ್‌ಗೆ ಎಲ್ಲಿಯೂ ತಾಗದಂತೆ ಒಂದು ಪಟ್ಟಿ ಎಳೆದು ಯಂತ್ರಕ್ಕೆ ಕೊಟ್ಟರು. ಆಗ 0.8 ಓಮ್ ತೋರಿಸಿತ್ತು. ಈಗ ಏಪ್ರಿಲ್. ಲೇಥಿನ ಮೇಲೆ ಒಂದು ಕೈ ಇಟ್ಟು ಇನ್ನೊಂದರಲ್ಲಿ ಕ್ರೇನಿನ ಕೊಕ್ಕೆ ಹಿಡಿದ ಹುಡುಗನಿಗೆ ಜುಮ್ ಎಂದಿದೆ. ಮೀಟರ್ ಹಿಡಿದರೆ ಎರಡರ ನಡುವೆ 48 ವೋಲ್ಟ್! ಇನ್ನೊಂದು ಪಿಟ್ ತೋಡಿಸಲೇ?

ಉತ್ತರ (ವಿದ್ಯುತ್ ಸುರಕ್ಷತಾ ಸಲಹೆಗಾರ್ತಿ): ಬೇಡ. ಮೊದಲು ಯಂತ್ರ ನಿಲ್ಲಿಸಿ, ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ ಕೀಲಿ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಉಳಿದದ್ದು ಆಮೇಲೆ.

ಒಂದು ಸಣ್ಣ ಲೆಕ್ಕ ಹಾಕೋಣ. ಪಿಟ್ ನಿಜವಾಗಿಯೂ 0.8 ಓಮ್ ಇದ್ದರೆ, ಅದರ ಮೇಲೆ 48 ವೋಲ್ಟ್ ಏಳಲು 60 ಆಂಪಿಯರ್ ಹರಿಯಬೇಕು. ಡ್ರೈವ್‌ಗಳ (ಮೋಟರಿನ ವೇಗ ನಿಯಂತ್ರಿಸುವ ಸಾಧನಗಳ) ಫಿಲ್ಟರ್‌ನಿಂದ ಸೋರುವುದು ಮಿಲಿಆಂಪಿಯರ್‌ಗಳಲ್ಲಿ. ಹಾಗಾಗಿ ನನ್ನ ಅನುಮಾನ ಪಿಟ್‌ನ ಮೇಲಲ್ಲ. ಪಿಟ್‌ಗೂ ಯಂತ್ರಕ್ಕೂ ನಡುವೆ ಎಲ್ಲೋ ಸಂಪರ್ಕ ಕಡಿದಿದೆ, ಯಂತ್ರದ ಮೈ ಯಾವ ಅರ್ಥ್‌ಗೂ ತಾಗದೆ ತೇಲುತ್ತಿದೆ. ಪಟ್ಟಿಯ ಪ್ರತಿಯೊಂದು ಜೋಡಣೆಯನ್ನೂ ಬಿಚ್ಚಿಸಿ ನೋಡಿ.

ಆದರೆ ಆ ಜೋಡಣೆ ಗಟ್ಟಿಯಾಗಿದ್ದರೂ ನಿಮ್ಮ ಏರ್ಪಾಡು ಅಪಾಯಕಾರಿಯೇ. ಲೇಥಿನೊಳಗೆ ಫೇಸ್ ತಂತಿ ಮೈಗೆ ತಗುಲಿತು ಎನ್ನಿ. ಕರೆಂಟ್ ನಿಮ್ಮ ಪಿಟ್‌ಗೆ ಇಳಿದು, ಮಣ್ಣಿನಲ್ಲಿ ಹರಿದು, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನ ಪಿಟ್‌ನಿಂದ ಮೇಲೆ ಬರಬೇಕು. ಎರಡೂ ತಲಾ 1 ಓಮ್ ಎಂದು ಹಿಡಿದರೆ 240 ವೋಲ್ಟ್‌ಗೆ 120 ಆಂಪಿಯರ್. ಲೇಥಿಗೆ 63 ಆಂಪಿಯರ್‌ನ ಸಿ ಮಾದರಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ತಕ್ಷಣ ಬೀಳಲು ಅದಕ್ಕೆ 315ರಿಂದ 630 ಆಂಪಿಯರ್ ಬೇಕು. 120ಕ್ಕೆ ಅದು ನಿಧಾನವಾಗಿ ಬಿಸಿಯಾಗಿ ಬೀಳಬೇಕು, ನಿಮಿಷಗಟ್ಟಲೆ ಹಿಡಿಯಬಹುದು. ಅಷ್ಟು ಹೊತ್ತೂ ಯಂತ್ರದ ಮೈ ಮೇಲೆ 120 ವೋಲ್ಟ್ ಕುಳಿತಿರುತ್ತದೆ. ಅದೇ ಲೇಥಿನ ಮೈಯಿಂದ ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ವರೆಗೆ ಲೋಹದ ದಾರಿ ಇದ್ದು, ಇಡೀ ಸುತ್ತಿನ ಪ್ರತಿರೋಧ 0.1 ಓಮ್ ಇದ್ದರೆ 2,400 ಆಂಪಿಯರ್ ಹರಿದು ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಕಾರ್ಖಾನೆಯಲ್ಲಿ ಎಂಸಿಬಿಯನ್ನು ಬೀಳಿಸುವುದು ಈ ಲೋಹದ ದಾರಿ, ಮಣ್ಣಲ್ಲ. ನಮ್ಮಲ್ಲಿ ಎಲ್ಲರೂ ಪಿಟ್‌ನ ಓಮ್ ಕೇಳುತ್ತಾರೆ, ಲೂಪ್‌ನ, ಅಂದರೆ ಆ ಇಡೀ ಸುತ್ತಿನ, ಓಮ್ ಕೇಳುವವರು ಅಪರೂಪ.

ಯಂತ್ರ ಸರ್ವಿಸ್ ಎಂಜಿನಿಯರ್ ಒಬ್ಬರು: ಮೇಡಂ, ಹಲವು ಯಂತ್ರಗಳ ಕೈಪಿಡಿಯಲ್ಲೇ ಪ್ರತ್ಯೇಕ ಅರ್ಥ್ ಎಂದು ಬರೆದಿರುತ್ತದೆ. ಅಲ್ಲದೆ ನಿಯಮದಲ್ಲೂ ಎರಡು ಪ್ರತ್ಯೇಕ ಅರ್ಥಿಂಗ್ ಎಂದಿದೆಯಲ್ಲ?

ಉತ್ತರ: ಎರಡರಲ್ಲೂ ‘ಪ್ರತ್ಯೇಕ’ ಎಂಬ ಪದವೇ ದಾರಿ ತಪ್ಪಿಸುತ್ತಿದೆ. ಕೈಪಿಡಿ ಕೇಳುವುದು ಮುಖ್ಯ ಅರ್ಥ್ ಬಾರ್‌ನಿಂದ (ಎಲ್ಲ ಅರ್ಥ್ ತಂತಿಗಳು ಸೇರುವ ಲೋಹದ ಪಟ್ಟಿಯಿಂದ) ಆ ಯಂತ್ರಕ್ಕೆಂದೇ ಬರುವ ತಂತಿಯನ್ನು. ವೆಲ್ಡಿಂಗ್ ಸೆಟ್, ಕಂಪ್ರೆಸರ್‌ಗಳ ಜೊತೆ ಸರಪಳಿಯಂತೆ ಪೋಣಿಸಬಾರದು ಎಂದಷ್ಟೇ ಅದರ ಅರ್ಥ. ಬೇರೆ ಭೂಮಿ ಬೇಕೆಂದಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು (2010ರವು, ಈಗ ಅವುಗಳ ಜಾಗದಲ್ಲಿ 2023ರವು) ಮೂರು ಫೇಸ್ ಮೋಟರು, ಯಂತ್ರಗಳ ಮೈಗೆ ಎರಡು ಪ್ರತ್ಯೇಕ ಸಂಪರ್ಕ ಕೇಳುತ್ತವೆ. ಒಂದು ಕಡಿದರೆ ಇನ್ನೊಂದು ಉಳಿಯಲಿ ಎಂದು. ಇವರ ಗುತ್ತಿಗೆದಾರರು ಕೊಟ್ಟದ್ದು ಒಂದೇ ಪಟ್ಟಿ. ಅಂದರೆ ನಿಯಮ ಕೇಳಿದ್ದನ್ನು ಬಿಟ್ಟು, ಕೇಳದಿದ್ದನ್ನು ಮಾಡಿದ್ದಾರೆ. ಹೊಸ ಪಿಟ್ ಇದ್ದರೆ ಇರಲಿ, ಕಾರ್ಖಾನೆಯ ಮುಖ್ಯ ಅರ್ಥಿಂಗ್ ಜಾಲಕ್ಕೆ ಬೆಸೆಯಿರಿ. ತಂತಿಯ ಗಾತ್ರಕ್ಕೆ ಅರ್ಥಿಂಗ್‌ನ ಭಾರತೀಯ ಮಾನದಂಡ ಐಎಸ್ 3043 ನೋಡಿ: ತಾಮ್ರದ ಫೇಸ್ ತಂತಿ 16 ಚದರ ಮಿ.ಮೀ.ವರೆಗೆ ಇದ್ದರೆ ಅರ್ಥ್ ತಂತಿಯೂ ಅಷ್ಟೇ, 16ರಿಂದ 35ರವರೆಗೆ 16, ಅದಕ್ಕೂ ಮೇಲೆ ಅರ್ಧ.

ಮಾಲೀಕರು: ಹಾಗಾದರೆ ಆ 2 ವೋಲ್ಟ್ ಷರತ್ತು? ಅದು ತಪ್ಪಿದರೆ ವಾರಂಟಿ ಇಲ್ಲ ಎನ್ನುತ್ತಾರೆ.

ಉತ್ತರ: ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ಹರಿದಂತೆ ಅದರ ಉದ್ದಕ್ಕೂ ವೋಲ್ಟ್ ಬೀಳುತ್ತದೆ, ನೀವು ಅಳೆಯುತ್ತಿರುವುದು ಅದನ್ನೇ. ನೂರು ಪಿಟ್ ತೋಡಿದರೂ ಅದು ಇಳಿಯುವುದಿಲ್ಲ. ಸಿಂಗಲ್ ಫೇಸ್ ಲೋಡ್‌ಗಳನ್ನು ಮೂರು ಫೇಸ್‌ಗಳಿಗೆ ಸಮನಾಗಿ ಹಂಚಿ, ನ್ಯೂಟ್ರಲ್ ದಪ್ಪ ಮಾಡಿಸಿ. ಅದೂ ಸಾಲದಿದ್ದರೆ ಯಂತ್ರದ ಪಕ್ಕದಲ್ಲೇ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟು, ಅದರ ಹೊರಬದಿಯ ನ್ಯೂಟ್ರಲ್ ಅನ್ನು ಅಲ್ಲಿಯೇ ಅರ್ಥ್‌ಗೆ ಕಟ್ಟಿದರೆ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ.

ಮತ್ತೊಬ್ಬರು (ನಿರ್ವಹಣಾ ಮೇಲ್ವಿಚಾರಕರು): ಡ್ರೈವ್ ಇರುವ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹಾಕಿದರೆ ದಿನಕ್ಕೆ ನಾಲ್ಕು ಸಲ ಬೀಳುತ್ತದೆ. ತೆಗೆದುಬಿಡಲೇ?

ಉತ್ತರ: ತೆಗೆಯಬೇಡಿ, ಬದಲಿಸಿ. ಕೈಯಲ್ಲಿ ಹಿಡಿಯುವ ಉಪಕರಣಗಳ ಸಾಕೆಟ್‌ಗೆ 30 ಇರಲೇಬೇಕು. ದೊಡ್ಡ ಡ್ರೈವ್‌ಗಳ ಸಾಲಿಗೆ 300ರದು, ಅದೂ ಬಿ ಮಾದರಿಯದು ಸರಿ. ಮೂರು ಫೇಸ್ ಡ್ರೈವ್‌ನ ದೋಷದ ಕರೆಂಟ್‌ನಲ್ಲಿ ಡಿಸಿ ಅಂಶ ಇದ್ದರೆ ಎಸಿ ಸೋರಿಕೆಯನ್ನಷ್ಟೇ ಗುರುತಿಸುವ ಎಸಿ ಮಾದರಿಯದು ಕುರುಡಾಗಬಹುದು.

ಮಾಲೀಕರು (ನಾಲ್ಕು ದಿನಗಳ ನಂತರ): ಮೇಡಂ, ಪಿಟ್‌ನ ಮುಚ್ಚಳ ತೆಗೆಸಿದೆ. ತಾಮ್ರದ ಪಟ್ಟಿಯನ್ನು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಕಬ್ಬಿಣದ ಬೋಲ್ಟ್‌ನಲ್ಲಿ ಬಿಗಿದಿದ್ದರು. ಬೋಲ್ಟ್ ಕೈಯಲ್ಲೇ ಪುಡಿಯಾಯಿತು. ಪ್ರತಿ ಭಾನುವಾರ ಪಿಟ್‌ಗೆ ಉಪ್ಪುನೀರು ಸುರಿಯಿರಿ ಎಂದು ಗುತ್ತಿಗೆದಾರರು ಹೇಳಿದ್ದರು, ತಪ್ಪದೆ ಸುರಿಯುತ್ತಿದ್ದೆವು.

ಉತ್ತರ: ತಾಮ್ರ, ಸತು, ಕಬ್ಬಿಣ, ನಡುವೆ ಉಪ್ಪುನೀರು. ಅದು ಅರ್ಥಿಂಗ್ ಅಲ್ಲ, ಬ್ಯಾಟರಿ. ಪಿಟ್‌ಗೆ ಬರಿಯ ನೀರು ಸಾಕು. ಲೇಥಿನ ಎರಡು ಬದಿಗಳಿಂದ ಎರಡು ತಂತಿಗಳನ್ನು ಮುಖ್ಯ ಬಾರ್‌ಗೆ ಎಳೆಸಿ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಲೂಪ್ ಪ್ರತಿರೋಧ ಅಳೆಸಿ, ಅಂಕಿಯನ್ನು ಇಲ್ಲಿ ಹಾಕಿ. ಅದನ್ನು ನೋಡದೆ ಬೀಗ ತೆಗೆಯಿರಿ ಎಂದು ನಾನು ಹೇಳುವುದಿಲ್ಲ.

ಮಾಲೀಕರು (ಮರುವಾರ): 0.09 ಓಮ್, ಮೇಡಂ. ಲೇಥ್ ಮತ್ತು ಕ್ರೇನ್ ನಡುವೆ ಮೀಟರ್ ಸೊನ್ನೆ ತೋರಿಸುತ್ತಿದೆ.

ಉತ್ತರ: ಬೀಗ ತೆಗೆಯಿರಿ.