‘ಹೆಯ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಸುಮೋ ಪೈಲ್ವಾನ ಚಿಯೊನೊಫುಜಿಯ ಬಗ್ಗೆ ಒಂದು ಸಣ್ಣ ಲೇಖನ ಬರೆಯುತ್ತಿದ್ದೇನೆ. 31 ಪಂದ್ಯಾವಳಿ ಪ್ರಶಸ್ತಿ, 1,045 ಗೆಲುವು, 1991ರ ಮೇನಲ್ಲಿ ನಿವೃತ್ತಿ, ಇದೆಲ್ಲ ಸರಾಗವಾಗಿ ಬಂತು. ಸಿಕ್ಕಿಬಿದ್ದದ್ದು ಒಂದೇ ಪದದಲ್ಲಿ. 1970ರಲ್ಲಿ ಹೊಕ್ಕೈಡೊದಿಂದ ಟೋಕಿಯೊಗೆ ಬಂದ 15ರ ಹುಡುಗ ಸೇರಿಕೊಂಡದ್ದು ಕೊಕೊನೊಯೆ ಎಂಬ ‘ಹೆಯ’ವನ್ನು, ಅಂದರೆ ಸುಮೋ ಪೈಲ್ವಾನರು ಒಟ್ಟಿಗೆ ಇದ್ದು ಪಳಗುವ ಮನೆಯನ್ನು.

ಇಂಗ್ಲಿಷಿನವರು ಇದನ್ನು ಸ್ಟೇಬಲ್ ಅನ್ನುತ್ತಾರೆ. ನನ್ನ ಮೊದಲ ಕರಡಿನಲ್ಲಿ ಅದು ‘ಲಾಯ’ವಾಗಿ ಕೂತಿತ್ತು! ಓದಿದ ಗೆಳೆಯ, ‘ಹುರುಳಿ ಯಾರು ಹಾಕೋದು?’ ಎಂದು ಕೇಳಿದ. ಜಪಾನಿಯಲ್ಲಿ ಹೆಯ ಅಂದರೆ ಬರೀ ಕೋಣೆ.

‘ಗರಡಿ’ ಅನ್ನಬಹುದು. ಆದರೆ ಗರಡಿಗೆ ಹೋಗಿ ಸಾಮು ಮಾಡಿ ಮನೆಗೆ ಮರಳುತ್ತೇವೆ. ಹೆಯದಲ್ಲಿ ಅಡುಗೆ, ಊಟ, ನಿದ್ದೆ, ಕಸ ಗುಡಿಸುವುದು ಎಲ್ಲ ಅಲ್ಲೇ. ಮನಸ್ಸು ಬಂದಾಗ ಇನ್ನೊಂದಕ್ಕೆ ಹೋಗುವಂತಿಲ್ಲ. ಹೆಸರೂ ಅಲ್ಲಿಯದೇ. ಗುರು ಚಿಯೊನೊಯಾಮಾನಿಂದ ‘ಚಿಯೊನೊ’, ಅದೇ ಹೆಯದ ಕಿತಾನೊಫುಜಿಯಿಂದ ‘ಫುಜಿ’. ಇದನ್ನು ನೋಡಿ ‘ಘರಾಣೆ’ ಎಂದು ಬರೆಯುವ ಆಸೆಯಾಯಿತು. ಆದರೆ ಘರಾಣೆ ಎಂದರೆ ಶೈಲಿ. ಇವನ ಶೈಲಿಯನ್ನು ರೂಪಿಸಿದ್ದು ಮನೆತನಕ್ಕಿಂತ ಹೆಚ್ಚಾಗಿ ಅವನ ಭುಜ: ಅದು ಮತ್ತೆ ಮತ್ತೆ ಕೀಲು ತಪ್ಪುತ್ತಿದ್ದುದರಿಂದ ಸುತ್ತ ಮಾಂಸಖಂಡ ಬೆಳೆಸಿಕೊಂಡು, ಎತ್ತಿ ಒಗೆಯುವುದನ್ನು ಕಡಿಮೆ ಮಾಡಿ, ಎದುರಾಳಿಯ ಸೊಂಟದ ಪಟ್ಟಿಯನ್ನು ಮುಂದಿನಿಂದ ಹಿಡಿದು ನುಗ್ಗುವುದನ್ನು ಕಲಿತ.

ಹೆಯ ನಡೆಸುವ ‘ಒಯಕತ’ನಿಗೆ ನಮ್ಮ ‘ಉಸ್ತಾದ’ ಸಲೀಸಾಗಿ ಹೊಂದುತ್ತದೆ. ಬೆನ್ನು ನೆಲಕ್ಕೆ ತಾಗಿಸಿ ಸೋಲಿಸುವ ಕುಸ್ತಿಯ ‘ಚಿತ್’ ಮಾತ್ರ ಹೊಂದದು. ಸುಮೋದಲ್ಲಿ ಅಂಗೈ ನೆಲಕ್ಕೆ ತಾಗಿದರೂ ಸೋಲೇ. 1988ರಲ್ಲಿ ಇವನ 53 ಗೆಲುವುಗಳ ಸರಣಿ ಮುರಿದ ಒನೊಕುನಿ ‘ಚಿತ್ ಮಾಡಿದ’ ಎಂದು ಬರೆದಿದ್ದೆ, ಹೊಡೆದುಹಾಕಿ ‘ಸೋಲಿಸಿದ’ ಎಂದಷ್ಟೇ ಇಟ್ಟೆ.

ವಿಷಯ ಬಿಟ್ಟು ಒಂದು ಮಾತು: ಹೆಸರಿನ ಜೊತೆ ಸೇರಿದಾಗ ಹೆಯ ‘ಬೆಯ’ ಆಗುತ್ತದೆ, ಕೊಕೊನೊಯೆ-ಬೆಯ. ಜಪಾನಿಯ ಈ ಹಕಾರವೂ ಹಿಂದೆ ಪಕಾರವೇ. ನಮ್ಮ ಪನಿ ಹನಿಯಾದರೂ ಕಣ್ಣಿನ ಜೊತೆ ಸೇರಿ ‘ಕಂಬನಿ’ಯಾಗಿ ಉಳಿದಿಲ್ಲವೇ, ಹಾಗೆ.

ಬೆಳಗಾವಿ ಕಡೆಯವರನ್ನು ಒಂದು ಕೇಳಬೇಕು. ಅಲ್ಲಿ ಕುಸ್ತಿಯ ಜಾಗಕ್ಕೇ ‘ತಾಲೀಮು’ ಅನ್ನುವುದನ್ನು ಕೇಳಿದ್ದೇನೆ. ಪೈಲ್ವಾನರು ಅಲ್ಲೇ ಉಳಿದು, ಅಲ್ಲೇ ಉಣ್ಣುವ ಅರ್ಥವೂ ಆ ಪದಕ್ಕಿದೆಯೇ? ಇದ್ದರೆ ‘ಕೊಕೊನೊಯೆ ತಾಲೀಮು’ ಎಂದೇ ಬರೆಯುತ್ತೇನೆ. ಹಳೇ ಮೈಸೂರಿನ ಓದುಗರಿಗೆ ಅದು ನಾಟಕದ ರಿಹರ್ಸಲ್‌ನಂತೆ ಕೇಳಿಸೀತೆಂಬ ಅಳುಕೂ ಇದೆ.